ಕನೇರಿಗೆ ಹೋಗ್ರಿ, ಮಾಣಗಾಂವಿಗೂ ಹೋಗ್ರಿ



ಶಾಲಾ ಪ್ರವಾಸದ ದಿನ ಹತ್ತಿರ ಬಂದಾವು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಒಂದು ದಿನದ ಟ್ರಿಪ್ ಅಂದ್ರ ಪಟ್ಟಿ ಹೆಚ್ಚು ಕಡಿಮೆ ಒಂದೇ. ಕೊಲ್ಲಾಪುರದ ಮಹಾಲಕ್ಷ್ಮಿ ಗುಡಿ, ನ್ಯೂ ಪ್ಯಾಲೇಸ್, ಜ್ಯೋತಿಬಾ, ಪನ್ಹಾಳಗಡ, ಮತ್ತ ಕನೇರಿ ಮಠದ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂ. ರಜೆಯಾಗ ಮನಿ ಮಂದಿನ್ನ ಕರಕೊಂಡು ಹೋಗೋರ ದಾರಿನೂ ಇದೇ. ಕೊಗನೊಳ್ಳಿ ಟೋಲ್ ದಾಟಿ, ದೂಧಗಂಗಾ ಹೊಳಿ ದಾಟಿದರ ಮಹಾರಾಷ್ಟ್ರ. ಕಾಗಲ್ ಹಿಂದ ಹಾಕಿ ಹೈವೇ ಬಿಟ್ಟು ಒಳಗ ಹೋದರ ಕನೇರಿ. ವಿಮಾನ ಹತ್ತಿ ಪರದೇಶದ ಥೀಮ್ ಪಾರ್ಕ್ ನೋಡೋ ಯೋಗ ನಮ್ಮಂಥವರಿಗೆ ಎಲ್ಲಿ ಬರಬೇಕು? ರಾಜ್ಯದ ಗಡಿ ದಾಟಿ ನೋಡೋ ನಮ್ಮ ಥೀಮ್ ಪಾರ್ಕ್ ಇದೇ.

ಈ ಮ್ಯೂಸಿಯಂ ಬಗ್ಗೆ ಬರೀರಿ ಅಂತ ನಮ್ಮ ಗ್ರೂಪಿನ ಹುಡುಗರು ಭಾಳ ದಿನದಿಂದ ಹೇಳಾಕತ್ತಿದ್ದರು. ಕೆಲವರು "ಬಹಿಷ್ಕಾರ ಹಾಕಬೇಕು" ಅಂತಾರ. ಇನ್ನೂ ಕೆಲವರು "ಸುಮ್ನ ಮಕ್ಕಳು ನೋಡಿ ಖುಷಿ ಪಡ್ತಾವ, ಅದಕ್ಯಾಕ ಜಾತಿ ತರ್ತೀರಿ" ಅಂತಾರ. ನಾನು ಎರಡನ್ನೂ ಒಪ್ಪೂದಿಲ್ಲ. ಹೋಗಬೇಕು, ನೋಡಬೇಕು. ಆದರ ಅಲ್ಲಿ ತೋರಿಸೋ ಊರು ನಮ್ಮ ಅಜ್ಜ-ಮುತ್ತಜ್ಜರು ಬದುಕಿದ ಊರು. ಆ ಊರನ್ನು ಅವರು ಯಾವ ಮೂಲೆಯಿಂದ ನೋಡಿದರು ಅನ್ನೂದನ್ನ ನಮ್ಮ ಮಕ್ಕಳಿಗೆ ನಾವೇ ಹೇಳಬೇಕು. ಮಠದವರು ಹೇಳಲಿ, ಮಾಸ್ತರು ಹೇಳಲಿ ಅಂತ ಕಾಯ್ದರ ಆಗೂದಿಲ್ಲ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ನಮ್ಮ ಮಂದಿ ಅದನ್ನ "ಮೇಣದ ಮ್ಯೂಸಿಯಂ" ಅಂತಾರ, ಆದರ ಅವು ಸಿಮೆಂಟಿನ ಮೂರ್ತಿಗಳು. ಸುಮಾರು 2007ರಿಂದ ಜನ ನೋಡಾಕ ಹೋಗ್ತಾರ. ಎತ್ತಿನ ಮೈಮ್ಯಾಲಿನ ನರ, ಮುದುಕಿಯ ಕೈಯ ಸುಕ್ಕು, ಕುಂಬಾರನ ಬೆರಳಿನ ಮಣ್ಣು, ಒಂದೊಂದನ್ನೂ ಕಲಾವಿದರು ಜೀವ ಬಂದಂಗ ಮಾಡ್ಯಾರ. ಆ ಕೈಗಳಿಗೆ ಶರಣು. ಮಕ್ಕಳು ಮುಟ್ಟಿ ನೋಡಬೇಕು ಅಂತ ಹಟ ಮಾಡ್ತಾವ. ಬಡಿಗೇರ, ಕಮ್ಮಾರ, ಕುಂಬಾರ, ನಾವಿ, ಅಗಸ, ಚಮ್ಮಾರ, ಹೀಂಗ ಹನ್ನೆರಡು ಬಲೂತೇದಾರರು, ಹದಿನೆಂಟು ಅಲೂತೇದಾರರು ಇದ್ದ ಸ್ವಯಂಪೂರ್ಣ ಹಳ್ಳಿಯ ಚಿತ್ರ ಇದು ಅಂತ ಮ್ಯೂಸಿಯಂ ತಾನೇ ಹೇಳಿಕೊಳ್ಳುತ್ತದೆ. ಊರಿಗೆ ಬೇಕಾದ್ದೆಲ್ಲ ಊರಾಗೇ ಆಗ್ತಿತ್ತು, ಒಬ್ಬರಿಗೊಬ್ಬರು ಆಸರ ಇದ್ದರು ಅನ್ನೋದು ಅದರ ತಿರುಳು.

ನನ್ನ ತಕರಾರು ಇರೋದು ಮೂರ್ತಿಗಳ ಮ್ಯಾಲಲ್ಲ, ಈ ತಿರುಳಿನ ಮ್ಯಾಲೆ.

ಹೋದ ಮೇ ತಿಂಗಳು ನಾವೂ ಹೋಗಿದ್ದಿವಿ. ನಾನು, ನನ್ನ ಹೆಂಡತಿ, ಮಗಳು, ಮಗ, ಕೂಡ ಅವ್ವ. ಮಗಳು ಒಂಬತ್ತನೇತ್ತೆ. ಎಲ್ಲಾ ಫಲಕ ಓದಿಕೋತ ಮುಂದ ಹೊಂಟಿದ್ದಳು. ಒಕ್ಕಲುತನದ ದೃಶ್ಯಗಳ ಹತ್ತಿರ ಅವ್ವ ನಿಂತಳು. ಮೊಣಕಾಲು ನೋವು, ಕುಂದರಾಕ ಜಾಗ ಹುಡುಕಾಕತ್ತಾಳು ಅಂತ ನಾ ಅಂದ್ಕೊಂಡೆ. ಆಕಿ ಮೊಮ್ಮಗಳಿಗೆ ಕೇಳಿದಳು, "ಕಣದಾಗ ನಾವು ಎಲ್ಲಿ ನಿಂದರತಿದ್ದಿವಿ, ಗೊತ್ತೈತೇನ ನಿನಗ?"

ಮಗಳು "ಗೊತ್ತಿಲ್ಲ ಆಯಿ" ಅಂದಳು.

"ಕಣದ ಹೊರಗ. ರಾಶಿ ಆಗೂತನಾ ನಿಮ್ಮ ಮುತ್ತಜ್ಜ ರಾತ್ರಿಯೆಲ್ಲ ಕಾಯತಿದ್ದ. ರಾಶಿ ಆದಮ್ಯಾಗ ಎಲ್ಲಾರೂ ಅಳಕೊಂಡು ಹೋದ ಮ್ಯಾಗ ನಮಗ ಕರೀತಿದ್ದರು. ಬುಡದಾಗಿನ ಮಣ್ಣು ಕಾಳು ನಮ್ಮ ಉಡಿಯಾಗ ಮ್ಯಾಲಿಂದ ಸುರೀತಿದ್ದರು. ಮನಿಗೆ ತಂದು ನಮ್ಮವ್ವ ನೀರಾಗ ಹಾಕಿ ಮಣ್ಣು ಬ್ಯಾರೆ, ಕಾಳು ಬ್ಯಾರೆ ಮಾಡತಿದ್ದಳು. ಅದಕ್ಕ ಆಯ ಅಂತಿದ್ದರು."

ಅಷ್ಟೇ ಅಂದಳು. ಸಿಟ್ಟಿಲ್ಲ, ಅಳು ಇಲ್ಲ. ಆಕಿಗೆ ಅದು ಸುದ್ದಿ ಅಲ್ಲ, ಬದುಕಿದ್ದು. ಮಗಳು ಮಾತ್ರ ಮುಂದಿನ ಫಲಕ ಓದಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ ನನ್ನ ಕಡೆ ಬಂದು, "ಅಪ್ಪಾ, ಹಂಗಾರ ಈ ಊರಾಗ ನಮ್ಮ ಮನಿ ಎಲ್ಲಿ ಬರ್ತೈತಿ?" ಅಂತ ಕೇಳಿದಳು.

ಈ ಪೋಸ್ಟು ಆ ಪ್ರಶ್ನೆಗೆ ನಾನು ಬರೆಯೋ ಉತ್ತರ. ಅದು ನನ್ನ ಮಗಳೊಬ್ಬಳ ಪ್ರಶ್ನೆ ಅಲ್ಲ. ಟ್ರಿಪ್ಪಿಗೆ ಹೋಗೋ ಪ್ರತಿ ಬಸ್ಸಿನಾಗ ನಮ್ಮ ಕೇರಿಯ ಹತ್ತು ಮಕ್ಕಳಾದರೂ ಇರ್ತಾವ.

ಬಲೂತಾ ಅಂದ್ರ ಏನು? ನಮ್ಮ ಕಡೆ ಕನ್ನಡದಾಗ ಆಯ, ಮರಾಠಿಯಾಗ ಬಲೂತಾ. ಊರಿನ ಕೆಲಸ ಮಾಡೋರಿಗೆ ಸುಗ್ಗಿಯಾಗ ಒಕ್ಕಲಿಗರು ಕೊಡೋ ಕಾಳು. ಕೇಳಾಕ ಚಂದ ಐತಿ. ರೊಕ್ಕ ಇಲ್ಲ, ವ್ಯಾಪಾರ ಇಲ್ಲ, ಕೊಡು-ಕೊಳ್ಳು ಅಷ್ಟೇ. ಆದರ ಎರಡು ಪ್ರಶ್ನೆ ಕೇಳಿ ನೋಡ್ರಿ. ಈ ಕೆಲಸ ಬ್ಯಾಡ ಅಂತ ಅನ್ನೋ ಹಕ್ಕು ಇತ್ತೇನು? ಕಾಳು ಕಡಿಮಿ ಬಿತ್ತು ಅಂದರ ಕೇಳೋ ಹಕ್ಕು ಇತ್ತೇನು? ಎರಡೂ ಇರಲಿಲ್ಲ. ಅಪ್ಪ ಮಾಡಿದ್ದನ್ನ ಮಗ ಮಾಡಬೇಕು. ಕೊಟ್ಟಷ್ಟು ತಗೋಬೇಕು. ಹನ್ನೆರಡು ಮಂದಿ ಒಂದೇ ಸಾಲಿನಾಗ ಕುಂತವರೂ ಅಲ್ಲ. ಬಡಿಗೇರ, ಕಮ್ಮಾರರಿಗೆ ಸಲ್ಲೋ ಪಾಲು ಬೇರೆ, ಮಹಾರ, ಮಾಂಗ, ಚಮ್ಮಾರರಿಗೆ ಸಲ್ಲೋ ಪಾಲು ಬೇರೆ. ಮೊದಲಿನವರು ಅಂಗಳಕ್ಕೆ ಬರ್ತಿದ್ದರು, ನಾವು ಅಗಸಿ ಹೊರಗ.

ನಮ್ಮ ಈ ಭಾಗ 1956ರ ತನಕ ಮುಂಬೈಗೆ ಸೇರಿತ್ತು. ಅಲ್ಲಿ ಬ್ರಿಟಿಷರು 1874ರಾಗ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಅಂತ ಮಾಡಿ, ಮಹಾರ ವತನವನ್ನ ಕಾನೂನಿನ ಹಗ್ಗದಿಂದ ಕಟ್ಟಿದರು. ಹೆಸರಿಗೆ ತುಸು ವತನದ ಜಮೀನು. ಬದಲಿಗೆ ಮನಿ ಮಂದಿಯೆಲ್ಲ ಹಗಲು ರಾತ್ರಿ ಸರ್ಕಾರದ ಚಾಕರಿ, ಊರಿನ ಚಾಕರಿ. ಟಪ್ಪಾಲು ಹೊರೂದು, ಸಾಹೇಬರ ಕುದುರಿ ಮುಂದ ಓಡೂದು, ಗಡಿ ತೋರಿಸೂದು, ಸತ್ತ ಸುದ್ದಿ ಊರೂರಿಗೆ ಒಯ್ಯೂದು, ಸತ್ತ ದನ ಎಳೆಯೂದು. ಬಾಬಾಸಾಹೇಬರು ಮುಂಬೈ ಶಾಸನ ಸಭೆಯಾಗ 1928ರಾಗ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಈ ವತನ ನಮ್ಮನ್ನ ಭಿಕ್ಷೆಗೆ ಹಚ್ಚೈತಿ, ಇದು ಹೋಗದ ಹೊರತು ಮಹಾರರು ತಲಿ ಎತ್ತೂದಿಲ್ಲ ಅನ್ನೋದು ಅವರ ವಾದ. ಅದಕ್ಕಿಂತ ಒಂದು ವರ್ಷ ಮೊದಲು, 1927ರ ಮಾರ್ಚಿನಾಗ ಮಹಾಡದಾಗ ನಿಂತು, ಸತ್ತ ದನ ಎಳೀಬ್ಯಾಡ್ರಿ, ಉಳಿದ ರೊಟ್ಟಿ ಬೇಡಬ್ಯಾಡ್ರಿ ಅಂತ ಕರೆ ಕೊಟ್ಟಿದ್ದರು. ನಮ್ಮ ರಾಜ್ಯದಾಗ ಗ್ರಾಮ ಹುದ್ದೆಗಳನ್ನ ರದ್ದು ಮಾಡಿದ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ಕ್ಕೆ. ಅಂದರ ಇದು ಮೊಗಲರ ಕಾಲದ ಕಥಿ ಅಲ್ಲ. ನನ್ನ ಅವ್ವ ಹುಟ್ಟಿದ ಮ್ಯಾಲಿನ ಕಥಿ. ಕಾಯ್ದೆ ಬಂದ ಮ್ಯಾಲೂ ಉಡಿಯಾಗ ಕಾಳು ಸುರಿಯೂದು ನಿಲ್ಲಾಕ ಇನ್ನೂ ಬಾಳ ವರ್ಷ ಹಿಡೀತು.

ನಾನು ಕಚೇರಿಯೊಂದರಾಗ ಗುಮಾಸ್ತ. ದಿನಾ ಮುಂಜಾನೆ ಟಪ್ಪಾಲು ರಿಜಿಸ್ಟರ್ ತೆಗೆದು ಬಂದ ಪತ್ರಕ್ಕೆ ನಂಬರ್ ಹಾಕ್ತೀನಿ. ನನ್ನ ಅಜ್ಜ ಇದೇ ಟಪ್ಪಾಲನ್ನ ಬರಿಗಾಲಾಗ ತಾಲೂಕಿಗೆ ಹೊತ್ತು ತಂದು, ಮೆಟ್ಟಲ ಕೆಳಗ ಇಟ್ಟು, ದೂರ ಸರದು ನಿಂದರತಿದ್ದ. ಆ ಮೆಟ್ಟಲು ಹತ್ತಾಕ ನಮ್ಮ ಮನಿತನಕ್ಕ ಎರಡು ತಲಿ ಬೇಕಾತು. ಹತ್ತಿಸಿದ್ದು ಸ್ವಯಂಪೂರ್ಣ ಹಳ್ಳಿ ಅಲ್ಲ. ಹಳ್ಳಿ ಬಿಟ್ಟು ಹೊರಗ ಕಲಿಸಿದ ಸಾಲಿ, ಹಾಸ್ಟೆಲ್ಲು, ಮೀಸಲಾತಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಕನೇರಿ ಇರೋದು ಕೊಲ್ಲಾಪುರ ಜಿಲ್ಲೆಯಾಗ. ಆ ನೆಲದ ರಾಜರ್ಷಿ ಶಾಹೂ ಮಹಾರಾಜರು 1902ರ ಜುಲೈ 26ರಂದು ಹಿಂದುಳಿದವರಿಗೆ ಸರ್ಕಾರಿ ನೌಕರಿಯಾಗ ನೂರಕ್ಕೆ 50 ಮೀಸಲಾತಿ ಕೊಟ್ಟವರು. ಅವರೇ 1918ರಾಗ ತಮ್ಮ ಸಂಸ್ಥಾನದಾಗ ಬಲೂತಾ ಪದ್ಧತಿ ರದ್ದು ಮಾಡಿದರು, ಮಹಾರ ವತನನೂ ತೆಗೆದರು. ಯಾರು ಬೇಕಾದರೂ ಯಾವ ಉದ್ಯೋಗ ಬೇಕಾದರೂ ಮಾಡಬಹುದು ಅಂತ ದಾರಿ ತೆರೆದರು. ರಾಯಬಾಗದವರೇ, ನೀವು ಇದನ್ನ ವಿಶೇಷವಾಗಿ ನೆನಪಿಡ್ರಿ. ಆಗ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಚಿಕ್ಕೋಡಿ, ಅಥಣಿಯ ನಮ್ಮ ಅಜ್ಜಂದಿರು ಬ್ರಿಟಿಷರ ಕಾಯ್ದೆಯಾಗ ಸಿಕ್ಕಿಬಿದ್ದಾಗ ನಿಮ್ಮ ಅಜ್ಜಂದಿರಿಗೆ ಒಬ್ಬ ಮರಾಠಾ ರಾಜ ಬಿಡುಗಡೆಯ ಆಜ್ಞೆ ಬರೆದುಕೊಟ್ಟಿದ್ದ.

ರಾಜ ಗುಲಾಮಗಿರಿ ಅಂತ ತಿಳಿದು ಕಿತ್ತು ಒಗೆದ ಪದ್ಧತಿಯ ಮೂರ್ತಿಗಳನ್ನ ಅದೇ ರಾಜನ ನೆಲದಾಗ, ಸುಮಾರು 90 ವರ್ಷದ ಮ್ಯಾಲೆ, ನಮ್ಮ ಸುವರ್ಣಯುಗ ಅಂತ ನಿಲ್ಲಿಸಲಾಗೈತಿ. ನಮ್ಮ ಮಕ್ಕಳು ಟಿಕೀಟು ತಗದು ಅದನ್ನ ನೋಡಿ ಚಪ್ಪಾಳಿ ತಟ್ಟತಾವ. ನನಗ ನೋವಾಗೋದು ಇಲ್ಲಿ. ಮರಾಠಿಯ ದಯಾ ಪವಾರ್ ಅವರು 1978ರಾಗ ತಮ್ಮ ಆತ್ಮಕಥನ ಪ್ರಕಟಿಸಿದಾಗ ಅದಕ್ಕೆ "ಬಲೂತಂ" ಅಂತ ಹೆಸರಿಟ್ಟರು. ನಮ್ಮವರಿಗೆ ಆ ಶಬ್ದ ಗಾಯದ ಹೆಸರು. ಅದೇ ಶಬ್ದ ಇಲ್ಲಿ ಹೆಮ್ಮೆಯ ಫಲಕ.

"ಸ್ವಯಂಪೂರ್ಣ ಹಳ್ಳಿ" ಅನ್ನೋ ಮಾತು ನಮ್ಮ ಹಿರೇರ ಬಾಯಿಂದ ಬಂದದ್ದು ಅಂತ ತಿಳಕೊಂಡೋರು ಭಾಳ ಮಂದಿ. ಭಾರತದ ಹಳ್ಳಿಗಳು ಒಂದೊಂದೂ ಪುಟ್ಟ ಗಣರಾಜ್ಯ, ಅವಕ್ಕ ಹೊರಗಿನವರ ಹಂಗಿಲ್ಲ ಅಂತ ಹತ್ತೊಂಬತ್ತನೇ ಶತಮಾನದಾಗ ಬರೆದು ಪ್ರಸಿದ್ಧಿಗೆ ತಂದವ ಚಾರ್ಲ್ಸ್ ಮೆಟ್‌ಕಾಫ್ ಅನ್ನೋ ಬ್ರಿಟಿಷ್ ಅಧಿಕಾರಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಾಗ ಕರಡು ಮಂಡಿಸುವಾಗ ಬಾಬಾಸಾಹೇಬರು ಈ ಮೆಟ್‌ಕಾಫ್‌ನ ಮಾತನ್ನೇ ಎತ್ತಿಕೊಂಡರು. ರಾಜರು ಬಂದರು, ಹೋದರು, ಹಳ್ಳಿ ಮಾತ್ರ ಉಳೀತು ಅಂತೀರಿ, ಆದರ ಎಂಥ ಬದುಕು ಬದುಕಿ ಉಳೀತು ಅಂತ ಕೇಳಿದರು. ಪ್ರಾಂತವಾದ, ಕೋಮುವಾದ ಬ್ಯಾಡ ಅನ್ನೋರೇ ಹಳ್ಳಿಯನ್ನ ಹೊಗಳೋದು ನೋಡಿ ಆಶ್ಚರ್ಯ ಆಗ್ತೈತಿ ಅಂದರು. ಹಳ್ಳಿ ಅಂದರ ಸಂಕುಚಿತ ಬುದ್ಧಿಯ, ಅಜ್ಞಾನದ ಗುಂಡಿ ಅಂತ ಖಡಕ್ಕಾಗಿ ಹೇಳಿದರು. ಕರಡು ಸಂವಿಧಾನ ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕ ಮಾಡಿಕೊಂಡಿದ್ದಕ್ಕ ತಮಗ ಸಂತೋಷ ಅಂದರು.

ಈ ಕೊನೇ ಮಾತನ್ನ ಮಕ್ಕಳಿಗೆ ಬಿಡಿಸಿ ಹೇಳ್ರಿ. ಮ್ಯೂಸಿಯಂನ ಊರಾಗ ಒಬ್ಬ ಮನುಷ್ಯ ಅಂದರ ಅವನ ಕಸಬು. ಕುಂಬಾರ ಕುಂಬಾರನೇ, ಚಮ್ಮಾರ ಚಮ್ಮಾರನೇ, ಸಿಮೆಂಟು ಒಣಗಿದ ಮ್ಯಾಲೆ ಕೈ ಅಲ್ಲಾಡೂದಿಲ್ಲ. ಸಂವಿಧಾನದಾಗ ನನ್ನ ಮಗಳು ಅಂದರ ನನ್ನ ಮಗಳು. ಆಕಿ ನರ್ಸ್ ಆದಾಳು, ವಕೀಲಿ ಆದಾಳು, ಬೇಕಾದರ ಕುಂಬಾರಿಕೆ ಕಲಿತು ಮಡಿಕಿ ಮಾಡ್ಯಾಳು. ಆಕಿಗೆ ಯಾರೂ ಕಣದ ಹೊರಗ ನಿಂದರಾಕ ಹೇಳೂದಿಲ್ಲ, ಹೇಳಿದರ ಅದು ಅಪರಾಧ.

ಇನ್ನೊಂದು ಮಾತು. ಕನೇರಿಯದು ಲಿಂಗಾಯತ ಮಠ. ಆ ಪರಂಪರೆ ಬಸವಣ್ಣನವರ ಹೆಸರು ಹೇಳ್ತೈತಿ. ಹಂಗಾರ ಕಾಯಕಕ್ಕೂ ಬಲೂತಿಗೂ ಇರೋ ಫರಕು ಅವರಿಗಿಂತ ಚಲೋ ಯಾರು ತಿಳೀಬೇಕು? ಕಾಯಕ ಅಂದರ ಮನಸಿಟ್ಟು ಮಾಡೋ ದುಡಿಮೆ, ಅದರಾಗ ಮೇಲು ಕೀಳಿಲ್ಲ. ಬಲೂತಾ ಅಂದರ ಹುಟ್ಟಿಗೆ ಕಟ್ಟಿದ ಚಾಕರಿ. ಕಲ್ಯಾಣದಾಗ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ಕೊಟ್ಟು ಮದುವಿ ಮಾಡಿದ್ದಕ್ಕ ಬೀಗರಿಬ್ಬರನ್ನೂ ಕೊಂದರು ಅಂತ ಶರಣರ ಚರಿತ್ರೆ ಹೇಳ್ತೈತಿ. ಸ್ವಯಂಪೂರ್ಣ ಹಳ್ಳಿಯ ನಿಯಮ ಮುರಿದಾಗ ಏನಾಗ್ತಿತ್ತು ಅನ್ನೋದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಹನ್ನೆರಡು ಬಲೂತೇದಾರರ ನಡುವ ಹರಳಯ್ಯ-ಮಧುವರಸರ ಮದುವಿ ಚಪ್ಪರದ ಒಂದು ದೃಶ್ಯ ನಿಂತರ ನಾನು ಪ್ರತಿ ವರ್ಷ ಟಿಕೀಟು ತಗದು ಹೋಗ್ತೀನಿ.

"ಅವೆಲ್ಲ ಹಳೇ ಕಥಿ, ಈಗ ಯಾರು ಜಾತಿ ಮಾಡ್ತಾರ" ಅನ್ನೋ ಗೆಳೆಯರಿಗೆ ಒಂದೇ ಉದಾಹರಣೆ ಕೊಡ್ತೀನಿ. ಮ್ಯೂಸಿಯಂನಾಗ ನಾವಿ ಕುಂತು ಕ್ಷೌರ ಮಾಡೋ ಮೂರ್ತಿ ಐತಿ, ಎಲ್ಲರೂ ನಿಂತು ಫೋಟೋ ತಗೀತಾರ. ಅವನ ಮುಂದ ನಮ್ಮಜ್ಜ ತಲಿ ಒಡ್ಡಿ ಕುಂದರಾಕ ಆಗ್ತಿತ್ತೇನು? ಅಜ್ಜನ ಮಾತು ಬಿಡ್ರಿ. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕಿನ ಮರಕುಂಬಿಯಾಗ ಕ್ಷೌರದ ಅಂಗಡಿಗೆ, ಹೋಟೆಲಿಗೆ ದಲಿತರನ್ನ ಬಿಡೂದಿಲ್ಲ ಅನ್ನೋ ತಕರಾರು ಬೆಳೆದು 2014ರ ಆಗಸ್ಟಿನಾಗ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮ್ಯಾಲೆ, 2024ರ ಅಕ್ಟೋಬರಿನಾಗ, ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಈಗ ಹೈಕೋರ್ಟಿನ ಮೆಟ್ಟಲು ಹತ್ತೈತಿ. ಕ್ಷೌರದ ಕುರ್ಚಿಯೊಂದಕ್ಕ ಇಷ್ಟು ಬೆಲೆ ತೆರಬೇಕಾದ ನಾಡಿನಾಗ, ಮಕ್ಕಳಿಗೆ ನಾವಿಯ ಮೂರ್ತಿ ತೋರಿಸಿ "ನೋಡು, ಎಷ್ಟು ಹೊಂದಿಕೊಂಡಿದ್ದರು" ಅಂದರ ಅದು ಅರ್ಧ ಸುಳ್ಳು.

ಹಂಗಾರ ಇಂಥ ಮ್ಯೂಸಿಯಂಗಳೇ ಇರಬಾರದೇನು? ಇರಬೇಕು. ಜಗತ್ತಿನಾಗ ಇದಕ್ಕ ದಾರಿ ಕಂಡವರು ಅದಾರ. ಬಯಲಿನಾಗ ಹಳ್ಳಿ ಕಟ್ಟಿ ತೋರಿಸೋ ಇಂಥ ಮ್ಯೂಸಿಯಂಗಳಿಗೆಲ್ಲ ಹಿರಿಯಣ್ಣ ಅಂದರ ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಸ್ಕಾನ್ಸೆನ್. ಆರ್ಟುರ್ ಹಾಜೇಲಿಯಸ್ ಅನ್ನೋರು 1891ರಾಗ ತೆರೆದದ್ದು. ದೇಶದ ಮೂಲೆ ಮೂಲೆಯಿಂದ ಹಳೇ ಮನಿ ಬಿಚ್ಚಿ ತಂದು ಅಲ್ಲಿ ಕಟ್ಯಾರ. ಸಾಹುಕಾರನ ಬಂಗಲೆ ಅಷ್ಟೇ ಅಲ್ಲ, "ಸ್ಟಾಟಾರೆ" ಅನ್ನೋ ಭೂಮಿ ಇಲ್ಲದ ಆಳುಗಳ ಸಾಲುಮನಿಯನ್ನೂ ಅಲ್ಲಿ ತಂದು ಇಟ್ಟಾರ. ಈ ಆಳುಗಳಿಗೆ ಕೂಲಿ ಬಹುಪಾಲು ಕಾಳು, ಹಾಲು, ಇರಾಕ ಒಂದು ಖೋಲಿ. ಗಂಡ ದುಡಿದರ ಹೆಂಡತಿನೂ ಧಣಿಯ ಹಟ್ಟಿಯಾಗ ಹಾಲು ಕರೀಬೇಕು. ಓದ್ತಾ ಓದ್ತಾ ನನಗ ನಮ್ಮ ಆಯದ ನೆನಪಾತು. ಆ ಪದ್ಧತಿ ಅಲ್ಲಿ 1945ರಾಗ ಹೋತು. ಹೋದ ಮ್ಯಾಲೆ ಅದನ್ನ ಮುಚ್ಚಿಡಲಿಲ್ಲ, ಹಿಂಗಿತ್ತು ಅಂತ ತೋರಿಸಿದರು.

ಅಮೆರಿಕದ ವರ್ಜೀನಿಯಾದಾಗ ಕೊಲೊನಿಯಲ್ ವಿಲಿಯಮ್ಸ್‌ಬರ್ಗ್ ಅಂತ ಹದಿನೆಂಟನೇ ಶತಮಾನದ ಇಡೀ ಊರನ್ನೇ ಮತ್ತೆ ಕಟ್ಟಿ ನಿಲ್ಲಿಸ್ಯಾರ. ಆ ಕಾಲದಾಗ ಆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಮಂದಿ, ಬಹುತೇಕ ಗುಲಾಮರು. ಆದರ ದಶಕಗಟ್ಟಲೆ ಅಲ್ಲಿ ತೋರಿಸಿದ್ದು ಬಿಳಿ ಸಾಹುಕಾರರ ಮನಿ, ಕಮ್ಮಾರಸಾಲಿ, ರೇಷ್ಮೆ ಲಂಗ. 1979ರ ಮ್ಯಾಲೆ ಕಪ್ಪು ಜನರ ಬದುಕನ್ನ ತೋರಿಸಾಕ ಸುರು ಮಾಡಿದರು. 1994ರ ಅಕ್ಟೋಬರ್ 10ರಂದು ಗುಲಾಮರ ಹರಾಜನ್ನ ಬಯಲಾಗ ನಟಿಸಿ ತೋರಿಸಿದರು. ಅದನ್ನ ನಡೆಸಿದ್ದು ಅಲ್ಲಿನ ಆಫ್ರಿಕನ್ ಅಮೆರಿಕನ್ ವಿಭಾಗದ ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್. ಹರಾಜಾಗೋ ಬಸುರಿ ಹೆಂಗಸಿನ ಪಾತ್ರ ಸ್ವತಃ ಆಕಿನೇ ಮಾಡಿದಳು. ನಮ್ಮ ನೋವನ್ನ ನಾಟಕ ಮಾಡಬ್ಯಾಡ್ರಿ ಅಂತ ಕಪ್ಪು ಜನರ ಸಂಘಟನೆಗಳೇ ಪ್ರತಿಭಟನೆಗೆ ಬಂದಿದ್ದವು. ಪ್ರತಿಭಟಿಸಿದ ನಾಯಕರಲ್ಲಿ ಜ್ಯಾಕ್ ಗ್ರೇವ್ಲಿ ಅನ್ನೋರು ನೋಡಿದ ಮ್ಯಾಲೆ ಅಭಿಪ್ರಾಯ ಬದಲಿಸಿದರು. ನನಗ ಇದರಾಗ ಮುಖ್ಯ ಅನ್ನಿಸೋದು ಒಂದೇ. ಕಪ್ಪು ಜನರ ಕಥಿಯನ್ನ ಕಪ್ಪು ಹೆಣ್ಣುಮಗಳೇ ಮುಂದ ನಿಂತು ಹೇಳಿದಳು, ಜಗಳ ಆಡಿದವರೂ ಅವರೇ. ಬ್ಯಾರೆದವರು ಬಂದು ಕರುಣೆ ತೋರಿಸಲಿಲ್ಲ.

ಆದ್ದರಿಂದ ನಾನು ಕೇಳೋದು ದೊಡ್ಡದೇನಲ್ಲ.

ಮ್ಯೂಸಿಯಂ ನಡೆಸೋರಿಗೆ ಒಂದು ವಿನಂತಿ. ಬಲೂತಾ ಅಂತ ಬರೆದ ಕಡೆ ಇನ್ನೆರಡು ಸಾಲು ಸೇರಿಸ್ರಿ. ಇದು ಹುಟ್ಟಿನಿಂದ ಹೇರಿದ ಚಾಕರಿ ಆಗಿತ್ತು, 1918ರಾಗ ಶಾಹೂ ಮಹಾರಾಜರು ರದ್ದು ಮಾಡಿದರು ಅಂತ. ಕನ್ನಡದಾಗೂ ಹಾಕ್ರಿ, ನಿಮ್ಮ ಬಾಗಿಲಿಗೆ ಬರೋ ಬಸ್ಸಿನಾಗ ಕೆಎ ನಂಬರಿನವು ಕಡಿಮಿ ಅಲ್ಲ. ಸತ್ಯಕ್ಕ ಎರಡು ಸಾಲು ಕೊಟ್ಟರ ನಿಮ್ಮ ಮೂರ್ತಿಗಳ ಚಂದ ಕಡಿಮಿ ಆಗೂದಿಲ್ಲ.

ಮಾಸ್ತರರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಇನ್ನೊಂದು. ಟ್ರಿಪ್ಪಿಗೆ ಹೋಗೋ ಮುಂಚೆ ಒಂದು ತಾಸು ತರಗತಿಯಾಗ ಮಾತಾಡ್ರಿ. ಬಾವಿ ನೋಡಿದಾಗ "ಇಲ್ಲಿ ಯಾರು ನೀರು ಸೇದತಿದ್ದರು, ಯಾರಿಗೆ ಸುರೀತಿದ್ದರು?" ಅಂತ ಕೇಳ್ರಿ. ಸಾಲಿ ನೋಡಿದಾಗ "ಇದರಾಗ ಯಾವ ಮಕ್ಕಳಿಗೆ ಜಾಗ ಇತ್ತು, ಹುಡುಗಿಯರು ಎಲ್ಲಿ?" ಅಂತ ಕೇಳ್ರಿ. ಚಮ್ಮಾರನ ಮೂರ್ತಿ ಕಂಡ ಕೂಡಲೇ ತರಗತಿಯ ಒಂದು ಮಗುವಿನ ಕಡೆ ಎಲ್ಲರ ಕಣ್ಣು ಹೊರಳ್ತಾವ. ಆ ಮಗು ತಲಿ ತಗ್ಗಿಸದಂಗ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ. ಚರ್ಮ ಹದ ಮಾಡೋದು, ಚಪ್ಪಲಿ ಹೊಲಿಯೋದು ದೊಡ್ಡ ವಿದ್ಯೆ ಅಂತ ಹೇಳ್ರಿ. ನಮ್ಮ ಅಥಣಿಯ ಸಮಗಾರರು ಮಾಡೋ ಚಪ್ಪಲಿ ಕೊಲ್ಲಾಪುರಿ ಅನ್ನೋ ಹೆಸರಿನಾಗ ದೇಶ ವಿದೇಶಕ್ಕ ಹೋಗ್ತಾವ. 2019ರಾಗ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿದವು, ಅದರಾಗ ಬೆಳಗಾವಿನೂ ಐತಿ. ವಿದ್ಯೆಗೆ ಮರ್ಯಾದೆ ಕೊಡ್ರಿ, ವಿದ್ಯೆ ಇದ್ದವರನ್ನ ಊರ ಹೊರಗ ಇಟ್ಟದ್ದನ್ನೂ ಹೇಳ್ರಿ. ಎರಡೂ ಕೂಡೇ ಹೇಳಬೇಕು.

ಇನ್ನ ನಮ್ಮ ಮಂದಿಗೆ. ಬರೀ ಬೈದರ ಆಗೂದಿಲ್ಲ, ನಮ್ಮ ಟ್ರಿಪ್ಪು ನಾವೇ ಕಟ್ಟಬೇಕು. ಒಂದು ದಿನದಾಗ ಮುಗಿಯೋ ದಾರಿ ಹೇಳ್ತೀನಿ, ಬರಕೊಳ್ರಿ.

ಮೊದಲು ನಿಪ್ಪಾಣಿ. 1925ರ ಏಪ್ರಿಲಿನಾಗ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆದದ್ದು ಇಲ್ಲಿ, ಅಧ್ಯಕ್ಷತೆ ಬಾಬಾಸಾಹೇಬರದ್ದು. 2025ರಾಗ ಅದಕ್ಕ ನೂರು ವರ್ಷ ತುಂಬಿದಾಗ ಬೆಂಗಳೂರಿನಿಂದ ರಥಯಾತ್ರೆ ಬಂತು, ಭಾಷಣ ಆದವು, ಬ್ಯಾನರ್ ಹರಿದವು. ಮಕ್ಕಳಿಗೆ ಕೈ ಹಿಡಿದು ಹೇಳೋ ಕೆಲಸ ನಮಗೇ ಉಳೀತು. ಅದೇ ನಿಪ್ಪಾಣಿಯ ತಂಬಾಕು ವಖಾರಿಯಾಗ ದುಡಿಯೋ ಹೆಣ್ಣುಮಕ್ಕಳು ಸಂಘಟನೆ ಕಟ್ಟಿದ ಹೋರಾಟದ ಮ್ಯಾಲೆ ಯುಗಾಂತರ್ ಅನ್ನೋ ಮಹಿಳೆಯರ ತಂಡ 1982ರಾಗ ಸಾಕ್ಷ್ಯಚಿತ್ರ ಮಾಡೈತಿ. ಟ್ರಿಪ್ಪಿನ ಹಿಂದಿನ ದಿನ ಸಮುದಾಯ ಭವನದಾಗ ಅದನ್ನ ತೋರಿಸ್ರಿ. ನಮ್ಮ ಎಷ್ಟೋ ಅಜ್ಜಿಯರು ಆ ಧೂಳು ಕುಡಿದೇ ಮಕ್ಕಳನ್ನ ಓದಿಸಿದವರು.

ಅಲ್ಲಿಂದ ಮಾಣಗಾಂವ. ಕೊಲ್ಲಾಪುರ ಜಿಲ್ಲೆ, ಹಾತಕಣಂಗಲೆ ತಾಲೂಕು. 1920ರ ಮಾರ್ಚ್ 21, 22ರಂದು ಅಸ್ಪೃಶ್ಯರ ಪರಿಷತ್ತು ಆದ ಊರು. ಅವತ್ತು ಶಾಹೂ ಮಹಾರಾಜರು ಸ್ವತಃ ಬಂದು, ಇನ್ನೂ ಮೂವತ್ತು ತುಂಬದ ಭೀಮರಾವ್ ಅಂಬೇಡ್ಕರರನ್ನ ತೋರಿಸಿ, ನಿಮ್ಮ ನಾಯಕ ನಿಮಗ ಸಿಕ್ಕಾನ ಅಂತ ಜನರಿಗೆ ಸಾರಿದರು.

ಆಮ್ಯಾಲೆ ಕೊಲ್ಲಾಪುರ ಶಹರ. ಬಿಂದು ಚೌಕದಾಗ ಫುಲೆ ಮತ್ತು ಬಾಬಾಸಾಹೇಬರ ಪುತ್ಥಳಿ ಅದಾವ. 1950ರಾಗ, ಬಾಬಾಸಾಹೇಬರು ಬದುಕಿದ್ದಾಗಲೇ ಭಾಯಿ ಮಾಧವರಾವ್ ಬಾಗಲರು ನಿಲ್ಲಿಸಿದವು. ಅಲ್ಲೇ ನಿಂತು ಗಂಗಾರಾಮ ಕಾಂಬಳೆಯ ಕಥಿ ಹೇಳ್ರಿ. ಅರಮನಿಯ ಲಾಯದಾಗ ದುಡಿಯೋ ಮಹಾರ ಆಳು. ಮೇಲ್ಜಾತಿಯವರ ನೀರು ಮುಟ್ಟಿದ ಅಂತ ಹೊಡೆತ ತಿಂದ. ಮಹಾರಾಜರು ಅವನ ಕೈಗೆ ರೊಕ್ಕ ಕೊಟ್ಟು ಶಹರದ ರಸ್ತೆ ಮ್ಯಾಲೆ ಚಹಾದ ಹೋಟೆಲ್ ಹಾಕಿಸಿದರು. ತಾವೇ ಗಾಡಿ ನಿಲ್ಲಿಸಿ ಅವನ ಕೈಯಿಂದ ಚಹಾ ಇಸಕೊಂಡು ಕುಡಿದರು, ಜೊತಿಗಿದ್ದ ದೊಡ್ಡವರಿಗೂ ಕುಡಿಸಿದರು. ಒಂದು ಕಪ್ ಚಹಾದಾಗ ಒಬ್ಬ ರಾಜ ಸ್ವಯಂಪೂರ್ಣ ಹಳ್ಳಿಯ ಗೋಡಿ ಒಡೆದದ್ದು ಹಿಂಗ.

ಕಡೀಕ, ವಾಪಸ್ ಬರೋ ದಾರಿಯಾಗ ಕನೇರಿಗೆ ಹೋಗ್ರಿ. ಹೌದು, ಕಡೀಕ. ಮಾಣಗಾಂವ, ಬಿಂದು ಚೌಕ ನೋಡಿ ಬಂದ ಮಗು ಆ ಮೂರ್ತಿಗಳ ಮುಂದ ನಿಂತಾಗ ಕೇಳಬೇಕಾದ ಪ್ರಶ್ನೆ ತಾನೇ ಕೇಳ್ತೈತಿ. ಮನಿಯಾಗ ಎಪ್ಪತ್ತು ದಾಟಿದ ಹಿರೇರು ಇದ್ದರ ಕೂಡ ಕರಕೊಂಡು ಹೋಗ್ರಿ. ಮೂರ್ತಿಗಳ ಮುಂದ ಅವರನ್ನ ಮಾತಾಡಸ್ರಿ, ಮೊಬೈಲಿನಾಗ ರೆಕಾರ್ಡ್ ಮಾಡ್ರ್ರಿ. ಆಯ ಎಷ್ಟು ಬರ್ತಿತ್ತು, ಯಾವ ಮನಿಯಿಂದ ಬರ್ತಿತ್ತು, ಹೆಂಗ ಕೊಡ್ತಿದ್ದರು, ಯಾವ ವರ್ಷ ಬಿಟ್ಟಿವಿ, ಬಿಟ್ಟಾಗ ಊರು ಏನಂತು, ಎಲ್ಲಾ. ಆಯ ಕಣ್ಣಾರೆ ಕಂಡವರು ಇನ್ನು ಹತ್ತು-ಹದಿನೈದು ವರ್ಷಕ್ಕ ಉಳಿಯೂದಿಲ್ಲ. ಆಮ್ಯಾಲೆ ಉಳಿಯೋದು ಸಿಮೆಂಟಿನ ಸಾಕ್ಷಿ ಅಷ್ಟೇ, ಅದಕ್ಕ ಬಾಯಿಲ್ಲ.

ಈ ಡಿಸೆಂಬರಿನಾಗ ನಮ್ಮ ಕಡೆಯಿಂದ ಇಂಥ ಒಂದು ಬಸ್ಸು ಹೊಂಡಿಸೋ ವಿಚಾರ ಐತಿ. ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನ ಮುಗಿದ ಮ್ಯಾಲಿನ ಒಂದು ರವಿವಾರ. ಅಥಣಿ, ಕಾಗವಾಡ ಕಡೆಯವರಿಗೆ ಮೀರಜ್ ದಾರಿ ಸಸಾರ ಆಗ್ತೈತಿ, ಅವರು ಬ್ಯಾರೆ ಗಾಡಿ ಮಾಡಿಕೊಂಡು ಮಾಣಗಾಂವಿನಾಗ ಕೂಡಬಹುದು. ಬರೋರು ಕಮೆಂಟಿನಾಗ ಊರು ಮತ್ತ ಎಷ್ಟು ಮಂದಿ ಅಂತ ಹಾಕ್ರಿ. ರೊಟ್ಟಿ ಬುತ್ತಿ ಎಲ್ಲರೂ ತರಬೇಕು, ಒಂದೇ ಸಾಲಿನಾಗ ಕುಂತು ಹಂಚಿಕೊಂಡು ಉಣ್ಣೋದು. ಮಕ್ಕಳಿಗೆ ಬಸ್ ಚಾರ್ಜ್ ಇಲ್ಲ.

ಜೈ ಭೀಮ್. ಜೈ ಶಾಹೂ.